ಹಳೆಯ ಲಾರಿ, ಸವೆದ ತಂತಿ



ಸುಗ್ಗಿ ಮುಗಿದ ಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಾದಿಗಳಲ್ಲಿ ಕಣಿಕೆಯನ್ನೋ ಹತ್ತಿಯನ್ನೋ ಎತ್ತರಕ್ಕೆ ಹೇರಿಕೊಂಡ ಹಳೆಯ ಲಾರಿಗಳನ್ನು ತಾವು ಕಂಡಿರಬಹುದು. ಡೀಸೆಲ್ಲು ಪೆಟ್ರೋಲಿನಂತೆ ಥಟ್ಟನೆ ಹೊತ್ತಿಕೊಳ್ಳದೆಂಬ ಧೈರ್ಯ ಚಾಲಕರಿಗುಂಟು. ಧೈರ್ಯವೇನೋ ಸುಳ್ಳಲ್ಲ, ಆದರೆ ಕಿಡಿ ಹುಟ್ಟುವುದು ಡೀಸೆಲ್ಲಿನಲ್ಲಲ್ಲ, ತಂತಿಯಲ್ಲಿ.

ಇಂಥ ಲಾರಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟು ಪಡೆಯುತ್ತಾರೆ. ಬ್ಯಾಟರಿಯ ಋಣ ತುದಿ ಚಾಸಿಗೇ ಸೇರಿರುವುದರಿಂದ, ಸವೆದ ತಂತಿ ಎಲ್ಲಿ ಕಬ್ಬಿಣವನ್ನು ಮುಟ್ಟಿದರೂ ವಿದ್ಯುತ್ತಿಗೆ ಅಡ್ಡದಾರಿ ದೊರೆತಂತೆಯೆ. ಸ್ಟಾರ್ಟರಿಗೆ ಹೋಗುವ ದಪ್ಪ ಕೇಬಲ್ಲು ನೂರಾರು ಆಂಪಿಯರು ಹೊರುವಂಥದು. ಅದಕ್ಕೆ ಬಹುಮಟ್ಟಿಗೆ ಫ್ಯೂಸೇ ಇರುವುದಿಲ್ಲ. ಅದು ಚಾಸಿಗೆ ಉಜ್ಜುವೆಡೆಯಲ್ಲೆಲ್ಲ ರಬ್ಬರು ತೊಡಿಸಿ ಕ್ಲಿಪ್ಪು ಬಿಗಿಯಬೇಕು; ಸೈಲೆನ್ಸರಿನಿಂದ ದೂರವಿರಿಸಬೇಕು.

ಫ್ಯೂಸು ಮತ್ತೆ ಮತ್ತೆ ಸುಟ್ಟಾಗ ಅಲ್ಲಿ ದಪ್ಪ ತಾಮ್ರದೆಳೆಯನ್ನೋ ಸಿಗರೇಟು ಪಾಕೀಟಿನ ಬೆಳ್ಳಿ ಕಾಗದವನ್ನೋ ಸುತ್ತಿ ಹೊರಡುವವರಿದ್ದಾರೆ. ಇದಕ್ಕೆ ಜಾಣತನವೆಂದು ಹೆಸರು ಬೇರೆ! ಫ್ಯೂಸು ಕರಗದಿದ್ದರೆ ತಂತಿಯ ಹೊದಿಕೆ ಕರಗುತ್ತದೆ, ಅಷ್ಟೆ. ಹೆಚ್ಚಿನ ದೀಪ, ಹಾರ್ನುಗಳಿಗೆ ಪ್ರತ್ಯೇಕ ತಂತಿ, ಪ್ರತ್ಯೇಕ ಫ್ಯೂಸು ಬೇಕು.

ಬ್ಯಾಟರಿ ಬಿಚ್ಚುವಾಗ ಋಣ ತುದಿ ಮೊದಲು, ಜೋಡಿಸುವಾಗ ಅದೇ ಕೊನೆ. ಇಲ್ಲವಾದರೆ ಕೈಯ ಪಾನಾ ಚಾಸಿಗೆ ತಗುಲಿದೊಡನೆ ಕಿಡಿ ಹಾರುತ್ತದೆ.

ಹೊಗೆ ಕಂಡಿತೆನ್ನಿ. ಬ್ಯಾಟರಿ ಸ್ವಿಚ್ಚು ತೆಗೆದ ಮಾತ್ರಕ್ಕೆ ಹಳೆಯ ಡೀಸೆಲ್ ಎಂಜಿನ್ನು ನಿಲ್ಲದು. ಅದರ ಪಂಪಿಗೆ ವಿದ್ಯುತ್ತು ಬೇಕಿಲ್ಲ. ತಿರುಗುವ ಎಂಜಿನ್ನು ಆಲ್ಟರ್ನೇಟರಿನಿಂದ ವಿದ್ಯುತ್ತು ಕೊಡುತ್ತಲೇ ಇರುತ್ತದೆ. ಆದ್ದರಿಂದ ಮೊದಲು ಸ್ಟಾಪ್ ಎಳೆದು ಎಂಜಿನ್ನು ನಿಲ್ಲಿಸಿ, ಕೂಡಲೇ ಸ್ವಿಚ್ಚು ತೆಗೆಯಬೇಕು. ಆ ಸ್ವಿಚ್ಚು ಹೇರಿದ ಕಣಿಕೆಯ ಮರೆಯಲ್ಲಿರದೆ, ಕೈಗೆಟಕುವಲ್ಲಿರಲಿ.