ಮುತ್ತಲದ ಹೂವು, ಧೂಪದಾಳದ ಹಕ್ಕಿ



ವಸಂತವೆಂದರೆ ಶಾಲೆಗಳಿಗೆ ಪರೀಕ್ಷೆಯ ಕಾಲ. ಮರಗಳ ಕಡೆಗೆ ನೋಡಲು ಬಿಡುವೆಲ್ಲಿ? ಆದರೂ ಕಳೆದ ಫಾಲ್ಗುಣದಲ್ಲಿ ಏಳನೆಯ ತರಗತಿಯ ಮಕ್ಕಳೊಂದಿಗೆ ನಾವು ಗೋಕಾಕ ತಾಲೂಕಿನ ಧೂಪದಾಳಕ್ಕೆ ಹೋಗಿದ್ದೆವು. ನಮ್ಮ ಸೀಮೆಯ ಹಿರಣ್ಯಕೇಶಿಯು ಆಜರಾ, ಗಡಹಿಂಗ್ಲಜ, ಸಂಕೇಶ್ವರಗಳನ್ನು ದಾಟಿ, ಘಟಪ್ರಭೆಯನ್ನು ಕೂಡಿ ಅಲ್ಲಿಗೇ ಮುಟ್ಟುತ್ತದೆ. 1897ರಲ್ಲಿ ಮುಗಿದ ಒಡ್ಡಿನ ಹಿಂದೆ ನಿಂತ ಆ ನೀರಿನ ಪ್ರದೇಶವೇ 1974ರಲ್ಲಿ ಘಟಪ್ರಭಾ ಪಕ್ಷಿಧಾಮವೆಂದು ಘೋಷಿತವಾಯಿತು.

ಪ್ರವಾಸಿ ಮಂದಿರದ ಅಂಗಳದಲ್ಲಿ ಬುತ್ತಿ ಬಿಚ್ಚಿ, ಮಕ್ಕಳು ಕ್ರೌಂಚಗಳನ್ನು ಹುಡುಕಿದರು. ಬೂದು ಮೈ, ಕಪ್ಪು ಕೊರಳು, ಕಣ್ಣಿನ ಹಿಂದೆ ಬಿಳಿಯ ಗರಿಕುಚ್ಚು. ಮಧ್ಯ ಏಷ್ಯಾ, ಮಂಗೋಲಿಯಾಗಳ ಬಯಲುಗಳಿಂದ ಚಳಿಗಾಲಕ್ಕೆ ಬರುವ ಅತಿಥಿಗಳವು. ನಮ್ಮ ಮರಗಳು ಚಿಗುರುವ ಹೊತ್ತಿಗೆ ಅವು ಹೊರಟು ನಿಲ್ಲುತ್ತವೆ. ದೂರದ ದಿಬ್ಬದ ಮೇಲೆ ಏಳೆಂಟು ಮಾತ್ರ ಉಳಿದಿದ್ದವು. ತಪ್ಪು ನಮ್ಮದೇ. ಪರೀಕ್ಷೆಯ ವೇಳಾಪಟ್ಟಿಯನ್ನು ನೋಡಿದ್ದೆವೇ ಹೊರತು ಹಕ್ಕಿಗಳದನ್ನು ನೋಡಿರಲಿಲ್ಲ.

ನಿರಾಶರಾದ ಮಕ್ಕಳನ್ನು ಒಂದು ಮರವು ಸಂತೈಸಿತು. ಎಲೆಯೊಂದೂ ಇಲ್ಲದೆ ಮೈತುಂಬ ಕೆಂಡದಂಥ ಹೂವು. ಜೇನು ಕುಡಿಯುವ ಸಾಳುಂಕಿಗಳ ಹಣೆಗೆಲ್ಲ ಪರಾಗದ ಅರಿಸಿನ. 'ಪಳಸ' ಎಂದನೊಬ್ಬ ಹುಡುಗ. ಸರಿಯೇ, ಅದು ಮರಾಠಿಯ ಹೆಸರು. ಕನ್ನಡದಲ್ಲಿ ಏನೆನ್ನುವರೆಂದು ಕೇಳಿದಾಗ ಎಲ್ಲರೂ ಮೌನ. ಕೊನೆಗೆ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು, "ಮುತ್ತಲ್ರೀ ಅಕ್ಕೋರ, ನಮ್ಮಜ್ಜಿ ಇದರ ಪತ್ರೋಳಿ ಹಚ್ತಾಳ್ರೀ" ಎಂದಳು. ಅಲ್ಲಿಂದ ಆಟವೇ ಆರಂಭವಾಯಿತು. ನಿರಗುಡಿಗೆ ಲಕ್ಕಿ, ಕರಂಜಕ್ಕೆ ಹೊಂಗೆ, ಸಾಳುಂಕಿಗೆ ಗೊರವಂಕ. ನೀರಂಚಿನ ಪಾಣಕಣೀಸದ ಬಳಿ ಮಾತ್ರ ಎಂ.ಎ. ಓದಿದ ನಾವೂ ತಡವರಿಸಿದೆವು. "ಆಪು" ಎಂದು ಹೇಳಿಕೊಟ್ಟವರು ನಮ್ಮ ವಾಹನದ ಚಾಲಕರು.

ಮರಾಠಿಯ ಹೆಸರು ಮಕ್ಕಳಿಗೆ ಮೊದಲು ನೆನಪಾದುದರಲ್ಲಿ ನಮಗೆ ಬೇಸರವಿಲ್ಲ. ಗಡಿಯ ಮಕ್ಕಳಿಗೆ ಎರಡು ಹೆಸರು ಬರುವುದು ಸಿರಿತನವೇ. ಆದರೆ ಪತ್ರಾವಳಿ ಹಚ್ಚುವ ಅಜ್ಜಿ ಎಷ್ಟು ಮನೆಗಳಲ್ಲಿ ಉಳಿದಿದ್ದಾಳೆ? ಅವಳೊಂದಿಗೆ ಹೆಸರೂ ಹೋದರೆ ಪಠ್ಯಪುಸ್ತಕದಿಂದ ಅದನ್ನು ಮರಳಿ ತರಲು ನಮ್ಮಿಂದಾಗದು.

ಮಕ್ಕಳು ಅಂದು ಬರೆಯತೊಡಗಿದ ವಹಿಯು ಈ ಸಭಾಂಗಣದ ಬಾಗಿಲ ಬಳಿಯ ಮೇಜಿನ ಮೇಲಿದೆ. ಮರಾಠಿ ಹೆಸರುಗಳ ಎದುರಿಗೆ ಕನ್ನಡದ ಹನ್ನೊಂದು ಮನೆಗಳು ಇನ್ನೂ ಖಾಲಿ ಇವೆ. ಹಿರಿಯರು ಹೋಗುವ ಮುನ್ನ ಒಮ್ಮೆ ನೋಡಬೇಕು. ಪೆನ್ನನ್ನು ದಾರದಿಂದ ಕಟ್ಟಿ ಇಟ್ಟಿದ್ದೇವೆ.