ಬಳಸಿದ ವಸ್ತುಗಳ ಮಾರಾಟ: ನಾವು ಕಂಡುಕೊಂಡ ಕ್ರಮ

(ಶತಮಾನೋತ್ಸವದ ಅಂಗವಾಗಿ ಜರುಗಿದ ಧರ್ಮಕೇಂದ್ರದ ಸಂಘಗಳ ಸಮಾವೇಶದಲ್ಲಿ ಮಾರಾಟ ಸಮಿತಿಯ ಪರವಾಗಿ ಮಾಡಿದ ಭಾಷಣ)



ನೂರು ವರ್ಷಗಳ ಇತಿಹಾಸವನ್ನು ಸ್ಮರಿಸುವ ಈ ಸಭೆಯಲ್ಲಿ ಹಿರಿಯರು ದೇವಾಲಯದ ಕಟ್ಟಡ, ಶಾಲೆಯ ಸ್ಥಾಪನೆ, ಗುರುಗಳ ಸೇವೆ ಮುಂತಾದ ಘನವಾದ ವಿಷಯಗಳನ್ನು ಕುರಿತು ಮಾತನಾಡಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಹಳೆಯ ಪಾತ್ರೆ, ಹಳೆಯ ಬಟ್ಟೆ, ಹಳೆಯ ಕುರ್ಚಿಗಳ ವಿಷಯ. ವರ್ಷಕ್ಕೊಮ್ಮೆ ಶಾಲೆಯ ಜಗಲಿಯಲ್ಲಿ ನಾವು ನಡೆಸುವ ಬಳಸಿದ ವಸ್ತುಗಳ ಮಾರಾಟವನ್ನು ತಮ್ಮಲ್ಲಿಯೂ ನಡೆಸಬೇಕೆಂದು ನೆರೆಯ ಧರ್ಮಕೇಂದ್ರದವರು ಅಪೇಕ್ಷಿಸಿರುವುದರಿಂದ, ಅದರ ಕ್ರಮವನ್ನು ವಿವರಿಸಬೇಕೆಂದು ಸಮಿತಿಯವರು ಆಜ್ಞಾಪಿಸಿದ್ದಾರೆ. ನಮಗೆ ತಿಳಿದುದನ್ನೂ, ಅದಕ್ಕಿಂತ ಹೆಚ್ಚಾಗಿ ನಾವು ತಪ್ಪಿದುದನ್ನೂ ತಮ್ಮ ಮುಂದಿಡುತ್ತೇವೆ.

ಇಂತಹ ಮಾರಾಟ ನಾವು ಕಂಡುಹಿಡಿದುದಲ್ಲ. ಅಮೆರಿಕದಲ್ಲಿ ಮನೆಯವರು ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿಯೇ ತಮಗೆ ಬೇಡವಾದ ವಸ್ತುಗಳನ್ನು ಜೋಡಿಸಿಟ್ಟು ಮಾರುವುದರಿಂದ ಅದಕ್ಕೆ ಗ್ಯಾರೇಜ್ ಸೇಲ್ ಎಂಬ ಹೆಸರು ಬಂದಿದೆ. ಅಲ್ಲಿ 127ನೆಯ ಹೆದ್ದಾರಿಯ ಉದ್ದಕ್ಕೂ 1987ರಲ್ಲಿ ಆರಂಭವಾದ ಮಾರಾಟವು ಈಗ ಮಿಷಿಗನ್‌ನಿಂದ ಅಲಬಾಮಾದವರೆಗೆ ಸುಮಾರು 690 ಮೈಲಿಗಳಷ್ಟು ಹಬ್ಬಿ, ಪ್ರತಿ ಆಗಸ್ಟ್ ತಿಂಗಳಲ್ಲಿ ನಡೆಯುತ್ತದೆ. ಬಾಸ್ಟನ್ ನಗರದಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಮೆಥೋಡಿಸ್ಟ್ ಬೋಧಕರು 1902ರಲ್ಲಿ ಆರಂಭಿಸಿದ ಗುಡ್‌ವಿಲ್ ಸಂಸ್ಥೆಯು ಉಳ್ಳವರ ಮನೆಗಳಿಂದ ಹಳೆಯ ವಸ್ತುಗಳನ್ನು ತಂದು, ಬಡವರಿಗೆ ಕೂಲಿ ಕೊಟ್ಟು ದುರಸ್ತಿ ಮಾಡಿಸಿ ಮಾರಿತು. ಪ್ಯಾರಿಸ್ಸಿನಲ್ಲಿ 1833ರಲ್ಲಿ ಹುಟ್ಟಿದ, ನಮಗೆಲ್ಲ ಪರಿಚಿತವಾದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯು ಆಸ್ಟ್ರೇಲಿಯಾ, ಅಮೆರಿಕ ಮೊದಲಾದ ದೇಶಗಳಲ್ಲಿ ಇಂತಹ ಅಂಗಡಿಗಳನ್ನೇ ನಡೆಸುತ್ತಿದೆ. ನಮ್ಮ ಊರುಗಳಲ್ಲಾದರೂ ಹಳೆಯ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ಕೊಳ್ಳದ ತಾಯಂದಿರು ಎಷ್ಟು ಮಂದಿ? ಗುಜರಿಯವನ ಕೂಗು ಕೇಳದ ಬೀದಿ ಯಾವುದು? ಆದುದರಿಂದ ಇದು ಸುಲಭವಾದ ಕೆಲಸವೆಂದು ನಾವು ಭಾವಿಸಿದೆವು. ಮೊದಲ ವರ್ಷವೇ ಆ ಭಾವನೆ ಮುರಿಯಿತು.

ಆ ವರ್ಷ ಪೂಜೆಯ ನಂತರ ನಾವು ಮಾಡಿಸಿದ ಪ್ರಕಟಣೆ ಒಂದೇ ವಾಕ್ಯದ್ದು: ಮನೆಯಲ್ಲಿ ಬೇಡವಾದುದನ್ನು ತಂದುಕೊಡಿ. ಜನರು ಮಾತಿಗೆ ತಪ್ಪಲಿಲ್ಲ. ನಿಜವಾಗಿಯೂ ಯಾರಿಗೂ ಬೇಡವಾದುದನ್ನೇ ತಂದರು. ಮೂರು ಕಾಲಿನ ಕುರ್ಚಿ, ಒಂಟಿ ಚಪ್ಪಲಿ, ಮುಚ್ಚಳವಿಲ್ಲದ ಕುಕ್ಕರ್, ತಿಗಣೆ ಸೇರಿದ ಹಾಸಿಗೆ. ಅವುಗಳ ನಡುವೆ ಒಳ್ಳೆಯ ವಸ್ತುಗಳೂ ಇದ್ದವು. ಆದರೆ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ವ್ಯಾಪಾರಿಗಳು ಬಂದು ಹಿತ್ತಾಳೆ, ಕಬ್ಬಿಣ, ಮರದ ಸಾಮಾನುಗಳನ್ನೆಲ್ಲ ಒಟ್ಟಾಗಿ ಕೊಂಡೊಯ್ದರು. ಯಾರಿಗಾಗಿ ಈ ಮಾರಾಟವನ್ನು ಏರ್ಪಡಿಸಿದ್ದೆವೋ ಆ ಕೂಲಿಕಾರ ಕುಟುಂಬಗಳು ಬರುವ ವೇಳೆಗೆ ಮೇಜುಗಳು ಬರಿದಾಗಿದ್ದವು.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದು ನಡೆಯಿತು. ಮನೆಗೆಲಸ ಮಾಡುವ ಒಬ್ಬ ತಾಯಿ ಒಂದು ಸೀರೆಯನ್ನು ಆರಿಸಿಕೊಂಡು, ಸೆರಗಿನ ಗಂಟಿನಿಂದ ಹಣ ಬಿಚ್ಚುತ್ತಿದ್ದರು. ಪಕ್ಕದಲ್ಲಿದ್ದ ನಮ್ಮವರೇ ಒಬ್ಬರು ಸಂತೋಷದಿಂದಲೇ, ಎಲ್ಲರಿಗೂ ಕೇಳುವಂತೆ, “ಅಯ್ಯೋ, ಅದು ನಾನು ಕೊಟ್ಟ ಸೀರೆ! ನೀನು ಕೇಳಿದ್ದರೆ ಸುಮ್ಮನೆಯೇ ಕೊಡುತ್ತಿದ್ದೆ” ಎಂದುಬಿಟ್ಟರು. ಆ ತಾಯಿ ಸೀರೆಯನ್ನು ಮಡಿಸಿ, ಇದ್ದ ಜಾಗದಲ್ಲಿಯೇ ಇಟ್ಟು, ಹೊರಟುಹೋದರು. ಸಂಜೆ ನಾವು ಕ್ಷಮೆ ಕೇಳಲು ಅವರ ಮನೆಗೆ ಹೋದಾಗ ಅವರು ಸಿಟ್ಟು ತೋರಲಿಲ್ಲ. ಕುಳಿತುಕೊಳ್ಳಲು ಚಾಪೆ ಹಾಸಿದರು. “ನಾನು ಕೊಳ್ಳೋದಕ್ಕೆ ಬಂದಿದ್ದೆ ಅಮ್ಮ, ಬೇಡೋದಕ್ಕೆ ಬಂದಿರಲಿಲ್ಲ” ಎಂದಷ್ಟೇ ಹೇಳಿದರು.

ಬಂಧುಗಳೇ, ಆ ಒಂದು ಮಾತಿನಿಂದ ನಮ್ಮ ಮಾರಾಟದ ಕ್ರಮವೆಲ್ಲ ಬದಲಾಯಿತು. ಬೆಲೆ ಕೊಟ್ಟು ಕೊಳ್ಳುವವರು ತಲೆಯೆತ್ತಿ ಕೊಳ್ಳುತ್ತಾರೆ. ಆ ತಲೆ ತಗ್ಗದಂತೆ ನೋಡಿಕೊಳ್ಳುವುದೇ ಮಾರಾಟದ ಯಶಸ್ಸು. ಮುಂದೆ ಹೇಳುವ ನಿಯಮಗಳೆಲ್ಲ ಇದರಿಂದ ಹುಟ್ಟಿದವು.

ಮೊದಲನೆಯದು, ಕಾಲನಿರ್ಣಯ. ಮಳೆಗಾಲ ಸರ್ವಥಾ ಬೇಡ. ಶಾಲೆಗಳು ಮತ್ತೆ ತೆರೆಯುವುದಕ್ಕೆ ಮುಂಚೆ, ಮೇ ತಿಂಗಳ ಮೊದಲ ಭಾನುವಾರ ನಮಗೆ ಅನುಕೂಲವಾಗಿ ಕಂಡಿದೆ. ತಿಂಗಳ ಸಂಬಳ ಕೈಸೇರಿರುತ್ತದೆ. ವಾರದ ಕೂಲಿಯವರಿಗೆ ಶನಿವಾರ ಬಟವಾಡೆಯಾಗಿರುತ್ತದೆ. ಮಕ್ಕಳ ಚೀಲ, ಸಮವಸ್ತ್ರ, ಪಠ್ಯಪುಸ್ತಕಗಳಿಗೆ ಬೇಡಿಕೆಯಿರುತ್ತದೆ. ಅಕಾಲಿಕ ಮಳೆ ಬಂದರೂ ತೊಂದರೆಯಾಗದಂತೆ ಮೈದಾನಕ್ಕಿಂತ ಜಗಲಿಯೇ ಲೇಸು. ಹಣದ ಉದ್ದೇಶವನ್ನು ಮೊದಲೇ ಪ್ರಕಟಿಸಬೇಕು. ನಮ್ಮದು ಮಕ್ಕಳ ಶಾಲಾ ಶುಲ್ಕದ ನಿಧಿ.

ಎರಡನೆಯದು, ಸಂಗ್ರಹ. ಎರಡು ತಿಂಗಳು ಮುಂಚಿತವಾಗಿ ಪ್ರಕಟಣೆ ಮಾಡಿ, ಮಾರಾಟಕ್ಕೆ ಒಂದು ವಾರವಿರುವಾಗಲೇ ಸ್ವೀಕಾರವನ್ನು ನಿಲ್ಲಿಸುತ್ತೇವೆ. ಆ ವಾರವೆಲ್ಲ ವಿಂಗಡಣೆಗೆ ಬೇಕಾಗುತ್ತದೆ. ಈಗ ನಮ್ಮ ಪ್ರಕಟಣೆಯ ವಾಕ್ಯ ಬೇರೆ: ನೀವು ಹಣ ಕೊಟ್ಟು ಕೊಳ್ಳಲು ಹಿಂಜರಿಯದಂತಹ ವಸ್ತುವನ್ನು ಮಾತ್ರ ಕೊಡಿ. ಸಂತ ಮಾರ್ಟಿನರು ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ಕತ್ತರಿಸಿ ಕೊಟ್ಟದ್ದು ಪೆಟ್ಟಿಗೆಯಲ್ಲಿದ್ದ ಚಿಂದಿಯನ್ನಲ್ಲ, ತಾವು ಹೊದ್ದಿದ್ದ ಮೇಲಂಗಿಯನ್ನು. ಬಟ್ಟೆಗಳು ಒಗೆದು ಇಸ್ತ್ರಿಯಾಗಿರಬೇಕು. ಗುಂಡಿ ಬಿದ್ದಿದ್ದರೆ ಹೊಲಿದಿರಬೇಕು. ಇನ್ನೊಂದು ಎಚ್ಚರಿಕೆ: ಮನೆಯ ಹಿರಿಯರಿಗೆ ತಿಳಿಸದೆ ಯಾವ ವಸ್ತುವನ್ನೂ ತರಬೇಡಿ. ಒಮ್ಮೆ ಒಂದು ಕಂಚಿನ ತಂಬಿಗೆ ಮಾರಾಟವಾದ ಮೇಲೆ ಆ ಮನೆಯ ಅಜ್ಜಿ ಅದನ್ನು ಹುಡುಕಿಕೊಂಡು ಬಂದರು. ಅದು ಅವರ ತವರಿನಿಂದ ಬಂದಿದ್ದ ತಂಬಿಗೆ. ಕೊಂಡವರ ಗುರುತು ನಮಗೆ ಸಿಗಲೇ ಇಲ್ಲ. ಅಂದಿನಿಂದ ಅಂಗಿಯ ಜೇಬು, ಪೆಟ್ಟಿಗೆಯ ತಳ, ಪುಸ್ತಕದ ಹಾಳೆಗಳನ್ನೂ ತಡವಿ ನೋಡುತ್ತೇವೆ. ಗಿರವಿ ಚೀಟಿಯೂ, ಮದುವೆಯ ಪ್ರಮಾಣಪತ್ರವೂ ದೊರೆತದ್ದುಂಟು.

ಮೂರನೆಯದು, ನಿರಾಕರಣೆ. ಬೇಡ ಎನ್ನುವ ಧೈರ್ಯವಿಲ್ಲದ ಸಮಿತಿ ಈ ಕೆಲಸಕ್ಕೆ ಕೈ ಹಾಕಬಾರದು. ಔಷಧಿಗಳನ್ನು ಪರವಾನಗಿಯಿಲ್ಲದೆ ಮಾರುವುದನ್ನು 1940ರ ಕಾಯಿದೆಯೇ ನಿಷೇಧಿಸುತ್ತದೆ. ಗ್ಯಾಸ್ ಸಿಲಿಂಡರನ್ನು ವಿತರಕರ ಮೂಲಕವಲ್ಲದೆ ಕೈ ಬದಲಾಯಿಸುವಂತಿಲ್ಲ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ತಲೆಯನ್ನು ಕಾಯಲಾರದು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶಕ್ಕೆ ನಮ್ಮ ದೇಶದಲ್ಲಿ ಕಟ್ಟುನಿಟ್ಟಿನ ಮಿತಿ ಬಂದುದು 2016ರ ನಿಯಮದಿಂದ. ಆದುದರಿಂದ ಬಣ್ಣ ಉದುರುವ ಹಳೆಯ ತೊಟ್ಟಿಲು, ಆಟಿಕೆಗಳನ್ನು ಎಳೆಯ ಮಕ್ಕಳ ಮನೆಗೆ ಕಳುಹಿಸುವುದು ಪಾಪ. ಸುರಕ್ಷಾ ಕವಾಟ ಕೆಟ್ಟ ಕುಕ್ಕರ್, ಹರಿದ ವೈರಿನ ಇಸ್ತ್ರಿಪೆಟ್ಟಿಗೆ, ಹಾಸಿಗೆ, ದಿಂಬು ಇವು ನಮ್ಮಲ್ಲಿಗೆ ಬೇಡ. ಹಳೆಯ ಮೊಬೈಲ್, ಕಂಪ್ಯೂಟರುಗಳಲ್ಲಿರುವ ಸ್ವಂತ ಮಾಹಿತಿಯನ್ನು ಕೊಡುವವರೇ ಅಳಿಸಿರಬೇಕು. ಪಠ್ಯಪುಸ್ತಕಗಳು ಈಗಲೂ ಬಳಕೆಯಲ್ಲಿರುವವೇ ಎಂದು ಶಿಕ್ಷಕರಿಂದ ಪರೀಕ್ಷಿಸಿಕೊಳ್ಳಬೇಕು.

ನಾಲ್ಕನೆಯದು, ಬೆಲೆ. ಹೊಸದರ ಬೆಲೆಯ ಕಾಲು ಭಾಗವನ್ನು ಮೀರಬಾರದೆಂಬುದು ನಮ್ಮ ನಿಯಮ. 600 ರೂಪಾಯಿಯ ಶಾಲಾ ಚೀಲ ಚೆನ್ನಾಗಿದ್ದರೆ 150. ಸ್ವಲ್ಪ ಮಾಸಿದ್ದರೆ 100. ಪ್ರತಿ ವಸ್ತುವಿಗೂ 10, 20, 50, 100 ರೂಪಾಯಿಗಳಂತೆ ಬೇರೆ ಬೇರೆ ಬಣ್ಣದ ಚೀಟಿ ಅಂಟಿಸಿದರೆ, ಓದು ಬಾರದವರೂ ಇನ್ನೊಬ್ಬರನ್ನು ಕೇಳದೆ ಬೆಲೆ ತಿಳಿಯಬಹುದು. ಚೌಕಾಸಿ ನಮ್ಮ ಸಂತೆಯ ಮರ್ಯಾದೆ. ಅದಕ್ಕೆ ಮುಖ ಸಿಂಡರಿಸಬಾರದು. ಮಧ್ಯಾಹ್ನ 12 ಗಂಟೆಯ ನಂತರ ಎಲ್ಲಕ್ಕೂ ಅರ್ಧ ಬೆಲೆಯೆಂದು ಬೆಳಿಗ್ಗೆಯೇ ಹಲಗೆಯ ಮೇಲೆ ಬರೆದಿಡುತ್ತೇವೆ. ಮೊದಲೇ ಕೊಂಡವರಿಗೆ ಮೋಸವಾಯಿತೆಂಬ ಮಾತು ಹುಟ್ಟುವುದಿಲ್ಲ.

ಐದನೆಯದು, ಆ ದಿನದ ನಡವಳಿಕೆ. ಮೊದಲ ಎರಡು ಗಂಟೆಗಳ ಕಾಲ ಒಬ್ಬರಿಗೆ ಒಂದು ಬಗೆಯ ಮೂರು ವಸ್ತುಗಳಿಗಿಂತ ಹೆಚ್ಚು ಕೊಡುವುದಿಲ್ಲ; ವ್ಯಾಪಾರಿಗಳಿಗೆ ಅನಂತರ ಸ್ವಾಗತ. ಒಂದು ಕೊಠಡಿಯಲ್ಲಿ ಪರದೆ ಕಟ್ಟಿ, ನಿಲುಗನ್ನಡಿ ಇಡುತ್ತೇವೆ. ಬಟ್ಟೆಯನ್ನು ತೊಟ್ಟು ನೋಡಿ, ಒಪ್ಪದಿದ್ದರೆ ಬೇಡವೆನ್ನುವ ಹಕ್ಕು ಕೊಳ್ಳುವವರಿಗಿದೆ. ವಿದ್ಯುತ್ ಉಪಕರಣಗಳನ್ನು ಅಲ್ಲಿಯೇ ಹಚ್ಚಿ ತೋರಿಸಬೇಕು. ಹಣದ ಪೆಟ್ಟಿಗೆಯ ಬಳಿ ಸದಾ ಇಬ್ಬರಿರಬೇಕು. ಮೊಬೈಲಿನಿಂದ ಹಣ ಕಳುಹಿಸುವ ಏರ್ಪಾಡಿದ್ದರೂ ಚಿಲ್ಲರೆಯನ್ನು ಮೊದಲೇ ಬ್ಯಾಂಕಿನಿಂದ ತಂದಿಟ್ಟಿರಬೇಕು. ಪ್ಲಾಸ್ಟಿಕ್ ಕೈಚೀಲಗಳಿಗೆ ಕರ್ನಾಟಕದಲ್ಲಿ 2016ರಿಂದಲೇ ನಿಷೇಧವಿರುವುದರಿಂದ, ಕೊಂಡ ವಸ್ತುವನ್ನು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಎರಡೂ ಕೈಗಳಿಂದ ಕೊಡುತ್ತೇವೆ. ಯಾವ ವಸ್ತು ಯಾರ ಮನೆಯದೆಂಬುದನ್ನು ಎಲ್ಲಿಯೂ ಬರೆಯುವುದಿಲ್ಲ, ಬಾಯಿಬಿಟ್ಟು ಹೇಳುವುದೂ ಇಲ್ಲ. ಕೊಟ್ಟವರು ತಮ್ಮ ವಸ್ತುವನ್ನು ಗುರುತಿಸಿದರೂ ಮೌನವಾಗಿರಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.

ಬೆಲೆ ಕೊಡಲು ಕೈಲಾಗದವರ ಗತಿಯೇನು ಎಂದು ತಾವು ಕೇಳಬಹುದು. ಅವರ ಮನೆಗಳನ್ನು ಬಲ್ಲ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಮುಂಚಿತವಾಗಿಯೇ ಭೇಟಿ ಕೊಟ್ಟು, ಗುಟ್ಟಾಗಿ ಚೀಟಿಗಳನ್ನು ಕೊಟ್ಟಿರುತ್ತಾರೆ. ಮುಂಗಡ ಹಣ ಕಟ್ಟಿದವರಿಗೂ ಅದೇ ಚೀಟಿಯನ್ನು ಕೊಡುವುದರಿಂದ, ಯಾರದು ಯಾವುದೆಂದು ಪೆಟ್ಟಿಗೆಯ ಬಳಿ ಕುಳಿತವರಿಗೂ ತಿಳಿಯುವುದಿಲ್ಲ.

ಕೊನೆಯದು, ಉಳಿದ ವಸ್ತು ಮತ್ತು ಲೆಕ್ಕ. ಉಳಿದುದನ್ನು ಅನಾಥಾಶ್ರಮದ ಬಾಗಿಲಲ್ಲಿ ಸುರಿದು ಬರುವುದು ದಾನವಲ್ಲ. ಬೇಕೇ ಎಂದು ಮೊದಲು ಕೇಳಬೇಕು. ಹತ್ತಿಯ ಹಳೆಯ ಬಟ್ಟೆಗಳಿಂದ ನಮ್ಮ ತಾಯಂದಿರು ಕೌದಿ ಹೊಲಿಯುತ್ತಾರೆ. ಅವು ಮರುವರ್ಷ ಮೊದಲ ಗಂಟೆಯಲ್ಲಿಯೇ ಮಾರಿಹೋಗುತ್ತವೆ. ಮುಂದಿನ ಭಾನುವಾರ ಆದಾಯ, ಖರ್ಚು, ಉಳಿಕೆಗಳನ್ನು ಓದಿ ಹೇಳಿ, ಸೂಚನಾ ಫಲಕದಲ್ಲಿ ಅಂಟಿಸುತ್ತೇವೆ.

ಎಷ್ಟು ಹಣ ಬಂದಿತೆಂದು ಎಲ್ಲರೂ ನಮ್ಮನ್ನು ಕೇಳುತ್ತಾರೆ. ನಾವು ಮಾತ್ರ ಸಂಜೆ ಮೇಜುಗಳನ್ನು ಒಳಗಿಟ್ಟ ಮೇಲೆ, ಬೇರೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇವೆ. ಬೇಕಾದವರಿಗೆ ಬೇಕಾದುದು ಸಿಕ್ಕಿತೇ? ಮಾರಿದ ವಸ್ತುವಿನಿಂದ ಯಾರಿಗಾದರೂ ಅಪಾಯವುಂಟೇ? ಬಂದವರಲ್ಲಿ ಯಾರಾದರೂ ತಲೆ ತಗ್ಗಿಸಿಕೊಂಡು ಹೋದರೇ? ಮೂರನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರ ದೊರೆತ ವರ್ಷವನ್ನು ಮಾತ್ರ ಯಶಸ್ವಿಯೆಂದು ನಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದೇವೆ.

ಆ ತಾಯಿ ನಮ್ಮ ಮಾರಾಟಕ್ಕೆ ಮತ್ತೆ ಬರಲಿಲ್ಲ. ಬರಬೇಕೆಂದು ಕೇಳುವ ಅಧಿಕಾರವೂ ನಮಗಿಲ್ಲ. ಆದರೆ ಕಳೆದ ಮೇ ತಿಂಗಳಲ್ಲಿ ಅವರ ಮಗಳು ಬಂದು, ಕನ್ನಡಿಯ ಮುಂದೆ ನಿಂತು, ಎರಡು ಸಮವಸ್ತ್ರಗಳನ್ನು ಬೇಡವೆಂದು, ಮೂರನೆಯದನ್ನು ಚೌಕಾಸಿ ಮಾಡಿ ಕೊಂಡು ಹೋದಳು. ನಾವು ಹತ್ತು ರೂಪಾಯಿ ಬಿಟ್ಟೆವು.