ಕನ್ನ ಬಿದ್ದ ದಾರಿಯಲ್ಲಿ ಕಾಗದ ಕಳಿಸಬೇಡಿ
(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಹೆಚ್ಚಿನವರು ಗುಮಾಸ್ತರು. ಸಂಬಳದ ಪಟ್ಟಿ, ಆಧಾರ್ ಪ್ರತಿ, ಬ್ಯಾಂಕಿನ ವಿವರ ಎಲ್ಲವೂ ನಮ್ಮ ಕೈಯಿಂದಲೇ ಹಾಯತಕ್ಕವು. ಆದುದರಿಂದ ಕಂಪ್ಯೂಟರಿಗೆ ಕನ್ನ ಬಿದ್ದ ದಿನ ಏನು ಮಾಡಬೇಕೆಂಬುದು ಇಂಜಿನಿಯರರ ಮಾತು ಮಾತ್ರವಲ್ಲ. 2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ಹೀಗಾಗಿ, ಹಲವು ದಿನ ಕೆಲಸವನ್ನೆಲ್ಲ ಕೈಬರಹದಲ್ಲೇ ಸಾಗಿಸಬೇಕಾಯಿತು.

ನಾನು ಹಿಂದೆ ದುಡಿದ ಒಂದು ಕಚೇರಿಯ ಸಂಗತಿ ಹೇಳುತ್ತೇನೆ. ಕಚೇರಿಯ ಈಮೇಲಿನೊಳಗೆ ಕಳ್ಳ ಹೊಕ್ಕಿದ್ದಾನೆಂದು ಗದ್ದಲವೆದ್ದಿತು. "ತನಿಖೆಗಾಗಿ ಎಲ್ಲರ ಪಾಸ್‌ವರ್ಡು, ಖಾತೆ ನಂಬರು ಕೂಡಲೇ ಕಳಿಸಿ" ಎಂದು ಮೇಲಧಿಕಾರಿಗಳ ಹೆಸರಿನಲ್ಲಿ ಪತ್ರ ಬಂತು. ನಾನೇ ಎಪ್ಪತ್ತು ಜನರ ಪಟ್ಟಿ ಮಾಡಿ ಅದೇ ಈಮೇಲಿನಲ್ಲಿ ಕಳಿಸಿಬಿಟ್ಟೆ. ಪತ್ರ ಬರೆದವನು ಕಳ್ಳನೇ! ಪಟ್ಟಿಯಲ್ಲಿ ತಿಂಗಳ ಸಂಬಳವನ್ನು ಊರಿಗೆ ಕಳಿಸುವ ಜವಾನರೂ ಇದ್ದರು. ಮಾರನೆಯ ದಿನ ಅವರೆದುರು ನಿಂತದ್ದನ್ನು ಇಂದಿಗೂ ಮರೆತಿಲ್ಲ.

ಕನ್ನ ಬಿದ್ದ ದಾರಿಯಲ್ಲೇ ಕನ್ನದ ಕಾಗದಪತ್ರ ಕಳಿಸಬಾರದು. ಕೇಳಿದವರು ಯಾರೆಂದು, ಪತ್ರದಲ್ಲಿರುವ ನಂಬರಿಗಲ್ಲ, ಮೊದಲೇ ಗೊತ್ತಿದ್ದ ನಂಬರಿಗೆ ಫೋನು ಮಾಡಿ ವಿಚಾರಿಸಬೇಕು. ಪಕ್ಕದ ಕೋಣೆಯಲ್ಲಿದ್ದರೆ ಎದ್ದು ಹೋಗಿ ಕೇಳಬೇಕು. ನಿಜವಾದ ತನಿಖೆಗೆ ನಿಮ್ಮ ಪಾಸ್‌ವರ್ಡು ಬೇಕಿಲ್ಲ. ಅದಕ್ಕೆ ಬೇಕಾದದ್ದು ಲಾಗ್, ಅಂದರೆ ಯಾರು ಯಾವ ಹೊತ್ತಿಗೆ ಒಳಗೆ ಬಂದರೆಂದು ಯಂತ್ರವೇ ಬರೆದಿಟ್ಟ ದಿನಚರಿ. ಅದರಲ್ಲೂ ಅಗತ್ಯವಿದ್ದಷ್ಟೇ ಕೊಡಿ. ಕಡತವನ್ನು ಎನ್‌ಕ್ರಿಪ್ಟ್ ಮಾಡಿ, ಗೂಢಲಿಪಿಯಲ್ಲಿ ಕಳಿಸಿ. ಬಿಚ್ಚುವ ಗುಟ್ಟನ್ನು ಬೇರೆ ದಾರಿಯಿಂದ ತಿಳಿಸಿ.

ಹ್ಯಾಷ್ ಎಂಬುದೊಂದು ಲೆಕ್ಕವಿದೆ, ಕಡತದ ಹೆಬ್ಬೆಟ್ಟಿನ ಗುರುತೆನ್ನಿ. ಒಂದಕ್ಷರ ತಿದ್ದಿದರೂ ಉತ್ತರ ಪೂರಾ ಬೇರೆಯಾಗುತ್ತದೆ. ಪ್ರತಿ ತೆಗೆದೊಡನೆ ಇದನ್ನು ಬರೆದಿಡಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲಿಯೂ ಇದನ್ನು ಕಾಣಿಸಬೇಕು.

ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆಯ 2022ರ ಏಪ್ರಿಲ್ 28ರ ಆದೇಶದಂತೆ, ಇಂಥ ಘಟನೆ ತಿಳಿದ 6 ಗಂಟೆಯೊಳಗೆ ಕಚೇರಿ ವರದಿ ಮಾಡಬೇಕು. ಲಾಗುಗಳನ್ನು 180 ದಿನ ಕಾಪಾಡಬೇಕು. ನಿಯಮ ಸರಿಯೇ, ಆದರೆ ಆ ಅವಸರದಲ್ಲಿಯೇ ನನ್ನಂಥವರು ಎಡವುವುದು.

ಈಗ ನನ್ನ ಮೇಜಿನಲ್ಲಿ ರಟ್ಟಿನ ಪುಸ್ತಕವೊಂದಿದೆ. ಯಾವ ಯಂತ್ರ, ಯಾರು ಒಯ್ದರು, ಎಷ್ಟು ಗಂಟೆಗೆ, ರುಜು. ಮೊದಲ ಪುಟದಲ್ಲಿ 1930 ಎಂದು ಬರೆದಿದ್ದೇನೆ; ಖಾತೆಯಿಂದ ಹಣ ಹೋದರೆ ತಡಮಾಡದೆ ಫೋನು ಮಾಡಬೇಕಾದ ಸರ್ಕಾರಿ ನಂಬರು ಅದು. ದಯವಿಟ್ಟು ಬರೆದುಕೊಳ್ಳಿ.